ಮೆಟಲ್ ಫೋಮ್ ಸ್ಯಾಂಡ್‌ವಿಚ್ ಮತ್ತು ಟೆಂಪರೇಚರ್: ಪದೇ ಪದೇ ಕೇಳೋ ಪ್ರಶ್ನೆಗಳು

ಅಲ್ಯೂಮಿನಿಯಂ ಫೋಮ್ ಸ್ಯಾಂಡ್‌ವಿಚ್ ಬಗ್ಗೆ ಮಾತು ಎಲ್ಲಿಂದ ಶುರುವಾದ್ರೂ ಕೊನೆಗೆ ಬಂದು ನಿಲ್ಲೋದು ಟೆಂಪರೇಚರ್ ಹತ್ರಾನೇ. ಸ್ಟೂಡೆಂಟ್ಸು, ವರ್ಕ್‌ಶಾಪ್ ಇಟ್ಕೊಂಡಿರೋರು, ಡಿಸೈನ್ ಮಾಡೋರು ಕೇಳಿದ್ದನ್ನ ಕೇಳಿದ ಹಾಗೇ ಇಲ್ಲಿ ಹಾಕಿದೀನಿ. ಡಿಗ್ರಿ ಅಂದಲ್ಲೆಲ್ಲ ಸೆಲ್ಸಿಯಸ್ ಅಂತ ತಿಳ್ಕೊಳಿ. ಬೇರೆ ಅಂತ ಹೇಳದೇ ಇದ್ರೆ ಪುಡಿಯಿಂದ ಮಾಡೋ ರೂಟ್ ಬಗ್ಗೆನೇ ಮಾತು.

## ಶುರುವಿನ ಪ್ರಶ್ನೆಗಳು

ಮೆಟಲ್ ಫೋಮ್ ಸ್ಯಾಂಡ್‌ವಿಚ್ ಅಂದ್ರೆ ಏನ್ ಸಾರ್, ಫೋಮ್‌ನ ಎರಡು ಶೀಟ್ ಮಧ್ಯೆ ಇಟ್ಟು ಅಂಟಿಸೋದಾ?

ಅಂಟಿಸಿ ಮಾಡೋದೂ ಇದೆ, ಆದ್ರೆ ಅಸಲಿ ಮಜಾ ಇರೋದು ಅಂಟೇ ಇಲ್ಲದೆ ಮಾಡೋದ್ರಲ್ಲಿ. ಅಲ್ಯೂಮಿನಿಯಂ ಪುಡಿಗೆ ಗ್ಯಾಸ್ ಬಿಡೋ ಪುಡಿ ಸ್ವಲ್ಪ ಬೆರೆಸಿ, ಒತ್ತಿ ಗಟ್ಟಿ ಮಾಡಿ, ಅದರ ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ಶೀಟ್ ಇಟ್ಟು ರೋಲಿಂಗ್ ಮಾಡ್ತಾರೆ. ಅಲ್ಲೀವರೆಗೂ ಅದು ನೋಡೋಕೆ ಮಾಮೂಲಿ ಪ್ಲೇಟ್ ಥರಾನೇ ಇರತ್ತೆ. ಆಮೇಲೆ ಫರ್ನೇಸ್‌ಗೆ ಹಾಕಿದಾಗ ಮಧ್ಯದ ಪದರ ಮಾತ್ರ ಕರಗಿ ಉಬ್ಬತ್ತೆ, ಶೀಟ್‌ಗಳು ಗಟ್ಟಿಯಾಗೇ ಉಳಿದು ಮೇಲಕ್ಕೆ ಸರಿಯತ್ತೆ, ತಣ್ಣಗಾದಾಗ ಮೂರೂ ಸೇರಿ ಒಂದೇ ಲೋಹದ ತುಂಡು. ಗಟ್ಟಿ ಅಲ್ಯೂಮಿನಿಯಂ ಒಂದು ಸಿಸಿಗೆ 2.7 ಗ್ರಾಂ ತೂಗಿದ್ರೆ ಒಳಗಿನ ಫೋಮ್ ಸಾಮಾನ್ಯವಾಗಿ 0.4ರಿಂದ 0.8 ಗ್ರಾಂ. ಜರ್ಮನಿಯ ಬ್ರೆಮೆನ್‌ನಲ್ಲಿರೋ ಫ್ರೌನ್‌ಹೋಫರ್ ಸಂಸ್ಥೆ ಮತ್ತೆ ಕಾರ್ ಬಾಡಿ ಮಾಡ್ತಿದ್ದ ಕಾರ್ಮನ್ ಕಂಪನಿ ಸೇರಿ 1990ರ ದಶಕದಲ್ಲಿ ಬೆಳೆಸಿದ ವಿಧಾನ ಇದು.

ಹಂಗಾದ್ರೆ ಪೂರಿ ಉಬ್ಬೋ ಥರಾನೇ ತಾನೆ?

ಎಲ್ಲರೂ ಇದನ್ನೇ ಹೇಳ್ತಾರೆ, ಅರ್ಧ ಸರಿ. ಪೂರೀಲಿ ಹಬೆ ಒಂದೇ ದೊಡ್ಡ ಗುಳ್ಳೆ ಮಾಡಿ ಎರಡು ಪದರ ಬೇರೆ ಮಾಡತ್ತೆ. ನಮ್ಮ ಪ್ಯಾನೆಲ್‌ನಲ್ಲಿ ಹಂಗೇನಾದ್ರೂ ಆದ್ರೆ ಅದು ಸ್ಕ್ರ್ಯಾಪ್. ಇಲ್ಲಿ ಬೇಕಿರೋದು ಸಾವಿರಾರು ಸಣ್ಣ ಗುಳ್ಳೆ, ಒಂದಕ್ಕೊಂದು ಗೋಡೆ ಇಟ್ಕೊಂಡು. ಗ್ಯಾಸ್ ಬರೋದು ಟೈಟೇನಿಯಂ ಹೈಡ್ರೈಡ್ ಪುಡಿಯಿಂದ, ಹಾಕೋದು ತೂಕದಲ್ಲಿ ಅರ್ಧದಿಂದ 1% ಅಷ್ಟೇ. ಕಡಿಮೆ ಆಯ್ತೇನೋ ಅನ್ಸತ್ತೆ, ಆದ್ರೆ ಲೆಕ್ಕ ಹಾಕಿ ನೋಡಿ: ಈ ಪುಡಿ ತೂಕದಲ್ಲಿ ಸುಮಾರು 4% ಹೈಡ್ರೋಜನ್, ಅಂದ್ರೆ 1 ಗ್ರಾಂ ಪುಡೀಲಿರೋ ಗ್ಯಾಸ್ ಪೂರ್ತಿ ಹೊರಗೆ ಬಂದ್ರೆ 620 ಡಿಗ್ರೀಲಿ ಹತ್ತಿರ ಹತ್ತಿರ ಒಂದೂವರೆ ಲೀಟರ್. 100 ಗ್ರಾಂ ಅಲ್ಯೂಮಿನಿಯಂ ಇರೋದೇ 37 ಸಿಸಿ, ಅದು ಐದು ಪಟ್ಟು ಉಬ್ಬೋಕೆ ಬೇಕಿರೋದು 150 ಸಿಸಿ ಗ್ಯಾಸ್. ಅಂದ್ರೆ ಗ್ಯಾಸ್‌ಗೆ ಬರ ಇಲ್ಲ. ಬಂದ ಗ್ಯಾಸ್‌ನ ಸರಿಯಾದ ಹೊತ್ತಿಗೆ ಹಿಡಿದಿಟ್ಕೊಳೋಕೆ ಲೋಹ ರೆಡಿ ಇದ್ಯಾ ಅನ್ನೋದೇ ಪ್ರಶ್ನೆ, ಆ ಹೊತ್ತನ್ನ ನಿರ್ಧಾರ ಮಾಡೋದು ಟೆಂಪರೇಚರ್.

ಫರ್ನೇಸ್ ಎಷ್ಟಕ್ಕೆ ಸೆಟ್ ಮಾಡ್ಬೇಕು? ಸುಮ್ನೆ ಒಂದು ನಂಬರ್ ಹೇಳಿ ಗುರು

ಒಂದು ನಂಬರ್ ಹೇಳಿದ್ರೆ ನಿಮ್ಗೇ ನಷ್ಟ. ಇಲ್ಲಿ ನಾಲ್ಕು ಟೆಂಪರೇಚರ್ ಇದೆ, ಅವು ಯಾವ ಕ್ರಮದಲ್ಲಿ ಬರತ್ತೆ, ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಎಷ್ಟು ಟೈಮ್ ತಗೊಳತ್ತೆ ಅನ್ನೋದೇ ಪೂರ್ತಿ ಆಟ. ಮೊದಲನೇದು ಹೈಡ್ರೈಡ್ ಗ್ಯಾಸ್ ಬಿಡೋಕೆ ಶುರು ಮಾಡೋದು, ಮಾಮೂಲಿ ಪುಡಿ ಆದ್ರೆ 400ರ ಆಸುಪಾಸು. ಎರಡನೇದು ಕೋರ್, ಅಂದ್ರೆ ಮಧ್ಯದ ಪದರ, ಕರಗೋಕೆ ಶುರುವಾಗೋದು, 7% ಸಿಲಿಕಾನ್ ಇರೋ ಅಲ್ಯೂಮಿನಿಯಂ ಆದ್ರೆ 577. ಮೂರನೇದು ಕೋರ್ ಪೂರ್ತಿ ನೀರಾಗೋದು, ಅದೇ ಮಿಶ್ರಲೋಹಕ್ಕೆ ಸುಮಾರು 615. ನಾಲ್ಕನೇದು ಹೊರಗಿನ ಶೀಟ್ ಕರಗೋಕೆ ಶುರುವಾಗೋದು, 3103 ಅನ್ನೋ ಅಲ್ಯೂಮಿನಿಯಂ ಗ್ರೇಡ್‌ನ ಶೀಟ್ ಆದ್ರೆ 640ರ ಹತ್ರ. ಮೊದಲನೇದಕ್ಕೂ ಎರಡನೇದಕ್ಕೂ ಅಂತರ ಎಷ್ಟು ಕಮ್ಮಿ ಆದ್ರೆ ಅಷ್ಟು ಒಳ್ಳೇದು, ಮೂರನೇದಕ್ಕೂ ನಾಲ್ಕನೇದಕ್ಕೂ ಎಷ್ಟು ಜಾಸ್ತಿ ಇದ್ರೆ ಅಷ್ಟು ನೆಮ್ಮದಿ. ಕೆಳಗೆ ಬರೋ ಉತ್ತರ ಎಲ್ಲ ಈ ಎರಡು ಅಂತರಗಳ ಕಥೆನೇ, ಹಾಗಾಗಿ ಈ ಒಂದು ಪ್ಯಾರಾ ಮಾತ್ರ ನಿಧಾನಕ್ಕೆ ಓದ್ಕೊಳಿ.

ಅಂಟಿಸಿ ಮಾಡಿದ್ರೆ ಈ ತಲೆನೋವು ಯಾವ್ದೂ ಇಲ್ವಲ್ಲ?

ಮಾಡುವಾಗ ಇಲ್ಲ, ಬಳಸುವಾಗ ಇದೆ. ಎಪಾಕ್ಸಿ ಅಂಟು ಗಟ್ಟಿಯಾಗೋಕೆ ಸಾಮಾನ್ಯವಾಗಿ 120ರಿಂದ 180 ಡಿಗ್ರಿ ಸಾಕು, ಫೋಮ್‌ಗೂ ಶೀಟ್‌ಗೂ ಏನೂ ಆಗಲ್ಲ. ಆದ್ರೆ ಪ್ಯಾನೆಲ್ ಮುಂದೆ ಬಿಸಿ ಜಾಗದಲ್ಲಿ ಕೂತ್ರೆ ಲೋಹಕ್ಕಿಂತ ಮೊದ್ಲು ಕೈ ಕೊಡೋದು ಅಂಟೇ, ಅದನ್ನ ವೆಲ್ಡ್ ಮಾಡೋಕೂ ಆಗಲ್ಲ, ಕೊನೆಗೆ ಕರಗಿಸಿ ಮರುಬಳಕೆ ಮಾಡುವಾಗ್ಲೂ ಅಂಟು ಅಡ್ಡ ಬರತ್ತೆ. ಅಲಂಕಾರದ ಪ್ಯಾನೆಲ್, ಸೌಂಡ್ ಪ್ಯಾನೆಲ್‌ಗೆ ಅಂಟಿಸಿದ್ದೇ ಧಾರಾಳ ಸಾಕು ಅನ್ನೋದು ನನ್ನ ಅಭಿಪ್ರಾಯ, ಸುಮ್ನೆ ಕಷ್ಟದ ದಾರಿ ಹಿಡೀಬೇಡಿ.

## ಪುಡಿ, ಪ್ರೆಸ್ಸಿಂಗ್, ರೋಲಿಂಗ್

ಪುಡಿನ ತಣ್ಣಗೇ ಪ್ರೆಸ್ ಮಾಡಿದ್ರೆ ಆಗಲ್ವಾ, ಬಿಸಿ ಯಾಕೆ?

ತಣ್ಣಗೆ ಒತ್ತಿದ್ರೆ ಕಣಗಳ ಮಧ್ಯೆ ಸಣ್ಣ ಸಣ್ಣ ದಾರಿ ಉಳ್ಕೊಳತ್ತೆ. ಆಮೇಲೆ ಕಾಯಿಸಿದಾಗ ಹೈಡ್ರೋಜನ್ ಆ ದಾರೀಲಿ ಸದ್ದಿಲ್ಲದೆ ಹೊರಗೆ ಹೋಗ್ಬಿಡತ್ತೆ, ಲೋಹ ಕರಗೋ ಹೊತ್ತಿಗೆ ಉಬ್ಬಿಸೋಕೆ ಏನೂ ಇರಲ್ಲ. ಅದಕ್ಕೇ ಪೂರ್ತಿ ಸಾಂದ್ರತೆಗೆ ಹತ್ರ, 98-99% ತನಕ ಒತ್ತಬೇಕು. ಅಲ್ಯೂಮಿನಿಯಂ ಪುಡಿಯ ಪ್ರತಿ ಕಣದ ಮೇಲೂ ಆಕ್ಸೈಡ್ ಪೊರೆ ಇರತ್ತೆ, ಅದು ಒಡೆದು ಒಳಗಿನ ಲೋಹ ಲೋಹಕ್ಕೆ ತಾಕಿದ್ರೆ ಮಾತ್ರ ಬೆಸುಗೆ, 400ರಿಂದ 450ರಲ್ಲಿ ಲೋಹ ಮೆತ್ತಗಾಗಿ ಹರಿಯೋದ್ರಿಂದ ಅದು ಸಲೀಸು. 300ರಲ್ಲಿ ಮಾಡಿದ್ರೆ ಪ್ರೆಸ್‌ನ ಶಕ್ತಿ ಜಾಸ್ತಿ ಬೇಕು, ಆದ್ರೂ ಉಬ್ಬೋದು ಕಮ್ಮಿ. 500 ದಾಟಿಸಿದ್ರೆ ಒತ್ತೋ ಮೊದ್ಲೇ ಹೈಡ್ರೈಡ್ ಖಾಲಿಯಾಗ್ತಾ ಹೋಗತ್ತೆ. ಒತ್ತಡ ಇರೋವಾಗ ಗ್ಯಾಸ್ ಬಿಡೋದು ಸ್ವಲ್ಪ ತಡೆಯತ್ತೆ ನಿಜ, ಆದ್ರೆ ಡೈ ಕಾಯೋವರೆಗೆ ಪುಡಿ ಒತ್ತಡ ಇಲ್ಲದೆ ಕೂತಿರತ್ತಲ್ಲ, ಹೋಗೋದೆಲ್ಲ ಆಗ್ಲೇ ಹೋಗತ್ತೆ.

ಟೈಟೇನಿಯಂ ಹೈಡ್ರೈಡ್‌ನ ಮೊದ್ಲೇ ಹುರೀತಾರಂತೆ, ಗ್ಯಾಸ್ ವೇಸ್ಟ್ ಆಗಲ್ವಾ ಮೇಡಂ ಅಂತ ನಮ್ ಲ್ಯಾಬಲ್ಲಿ ಕೇಳ್ದೆ, ಉತ್ತರ ಸಿಗ್ಲಿಲ್ಲ

ಸ್ವಲ್ಪ ಹೋಗತ್ತೆ, ಹೋಗ್ಲಿ ಬಿಡಿ. ಮೇಲೆ ಲೆಕ್ಕ ಹಾಕಿದ್ವಲ್ಲ, ಗ್ಯಾಸ್ ಬೇಕಾದಷ್ಟಿದೆ. ಸಮಸ್ಯೆ ಇರೋದು ಅದು ಬೇಗ ಬರೋದ್ರಲ್ಲಿ. ಹೈಡ್ರೈಡ್ 400ಕ್ಕೇ ಗ್ಯಾಸ್ ಬಿಡೋಕೆ ಶುರು, ಕೋರ್ ಕರಗೋದು 577ಕ್ಕೆ, ಮಧ್ಯದ 170-180 ಡಿಗ್ರಿ ಉದ್ದಕ್ಕೂ ಗ್ಯಾಸ್ ಗಟ್ಟಿ ಲೋಹವನ್ನ ಸೀಳ್ತಾ ಇರತ್ತೆ. ಗುಂಡಗಿನ ಗುಳ್ಳೆ ಬದಲು ಒತ್ತಿದ ದಿಕ್ಕಿಗೆ ಅಡ್ಡಡ್ಡ ಸೀಳುಗಳು ಬರತ್ತೆ, ಕೊನೆಗೆ ಫೋಮ್‌ನ ಗುಳ್ಳೆ ಒಂದು ದೊಡ್ಡದು ಒಂದು ಚಿಕ್ಕದು ಆಗೋದಕ್ಕೆ ಮುಖ್ಯ ಕಾರಣ ಈ ಸೀಳುಗಳೇ. ಪುಡಿನ ಗಾಳಿಯಲ್ಲಿ 480 ಡಿಗ್ರೀಲಿ ಮೂರು ಗಂಟೆ ಇಟ್ರೆ ಕಣದ ಮೇಲೆ ತೆಳು ಆಕ್ಸೈಡ್ ಚಿಪ್ಪು ಕೂರತ್ತೆ, ಅದು ಒಳಗಿನ ಹೈಡ್ರೋಜನ್‌ನ ತಡೆದು ಬಿಡುಗಡೆನ 500ರ ಆಚೆಗೆ ತಳ್ಳತ್ತೆ. ಬರ್ಲಿನ್‌ನ ಸಂಶೋಧಕರು ಚೆನ್ನಾಗಿ ಅಳೆದು ನೋಡಿರೋ ರೆಸಿಪಿ ಇದು. 520-530ಕ್ಕೆ ಹೋದ್ರೆ ಚಿಪ್ಪು ದಪ್ಪ ಆಗತ್ತೆ, ಗ್ಯಾಸೂ ಜಾಸ್ತಿ ಹೋಗತ್ತೆ, ಅಲ್ಲಿಂದಾಚೆ ಲಾಭ ಇಲ್ಲ. ನನ್ನ ಪ್ರಕಾರ ಇಡೀ ಪ್ರೋಸೆಸ್‌ನಲ್ಲಿ ಅತೀ ಕಮ್ಮಿ ಖರ್ಚಲ್ಲಿ ಅತೀ ಜಾಸ್ತಿ ಸುಧಾರಣೆ ಸಿಗೋ ಹೆಜ್ಜೆ ಇದೇ.

ಸರ್ರ, ರೋಲಿಂಗ್ ಮಾಡಿದ್ವಿ, ಫರ್ನೇಸಿನ್ಯಾಗ ಇಟ್ಟ ಮ್ಯಾಲೆ ಶೀಟ್ ಒಂದ್ ಕಡೆ ಗುಳ್ಳಿ ಎದ್ದದ. ರೋಲಿಂಗ್ ಇನ್ನೂ ಬಿಸಿ ಮಾಡ್ಬೇಕೇನ್ರಿ?

ಗುಳ್ಳೆ ಎದ್ದಿರೋ ಜಾಗದಲ್ಲಿ ಶೀಟ್ ಕೋರ್‌ಗೆ ಹಿಡಿದಿಲ್ರಿ. ಹೈಡ್ರೋಜನ್‌ಗೆ ಆ ಸಂದು ಸಿಕ್ಕಿದೆ, ಅಲ್ಲೇ ಸೇರ್ಕೊಂಡು ಶೀಟ್‌ನ ಎತ್ತಿದೆ. ಬಿಸಿ ಜಾಸ್ತಿ ಮಾಡೋದು ಮೊದಲ ಔಷಧಿ ಅಲ್ಲ. ರೋಲಿಂಗ್‌ನಲ್ಲಿ ಬೆಸುಗೆ ಆಗೋದು ಮೇಲ್ಮೈ ಹಿಗ್ಗಿ ಆಕ್ಸೈಡ್ ಪೊರೆ ಚೂರಾಗಿ ಒಳಗಿಂದ ಹೊಸ ಲೋಹ ಹೊರಗೆ ಬಂದಾಗ, ಅದಕ್ಕೆ ದಪ್ಪ ಗಣನೀಯವಾಗಿ ಇಳೀಬೇಕು, ಅರ್ಧದಷ್ಟು ಇಳಿದ್ರೆ ಒಳ್ಳೇದು. ಎಣ್ಣೆ ಜಿಡ್ಡು ತೆಗೆದು, ವೈರ್ ಬ್ರಷ್ ಹಾಕಿ ಉಜ್ಜಿ, ತಡ ಮಾಡ್ದೆ ರೋಲ್‌ಗೆ ಕೊಡಿ, ಬ್ರಷ್ ಮಾಡಿ ಮಾರನೇ ದಿನ ರೋಲ್ ಮಾಡಿದ್ರೆ ಬ್ರಷ್ ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಟೆಂಪರೇಚರ್ 400ರ ಸುತ್ತ ಸಾಕು. ಅದಕ್ಕಿಂತ ತುಂಬಾ ಮೇಲೆ ಹೋದ್ರೆ ಶೀಟ್ ಮೆತ್ತಗಾಗಿ ಕೋರ್‌ಗಿಂತ ಬೇಗ ಉದ್ದ ಓಡತ್ತೆ, ಪದರಗಳ ದಪ್ಪ ಹದ ತಪ್ಪತ್ತೆ, ಸಾಲದು ಅಂತ ಗ್ಯಾಸೂ ಶುರುವಾಗತ್ತೆ. ಇನ್ನೊಂದು, ತಣ್ಣಗಿರೋ ರೋಲ್‌ಗೆ ತೆಳು ಪ್ಲೇಟ್ ತಾಕಿದ ಕ್ಷಣಕ್ಕೇ ಹತ್ತಾರು ಡಿಗ್ರಿ ಇಳಿಯತ್ತೆ, ಹಾಗಾಗಿ ಓವನ್ ತೋರಿಸಿದ್ದೇ ರೋಲಿಂಗ್ ಟೆಂಪರೇಚರ್ ಅಂದ್ಕೋಬೇಡಿ.

## ಫೋಮ್ ಎದ್ದೇಳೋ ಹೊತ್ತು

ಎರಡೂ ಅಲ್ಯೂಮಿನಿಯಮ್ಮೇ, ಕೋರ್ ಕರಗುವಾಗ ಶೀಟ್ ಯಾಕೆ ಕರಗಲ್ಲ?

ಮಿಶ್ರಲೋಹ ಬೇರೆ ಬೇರೆ, ಅದಕ್ಕೆ. ಶುದ್ಧ ಅಲ್ಯೂಮಿನಿಯಂ 660ಕ್ಕೆ ಕರಗತ್ತೆ. ಸಿಲಿಕಾನ್ ಸೇರಿಸ್ತಾ ಹೋದ್ರೆ ಕರಗೋ ಬಿಂದು ಇಳೀತಾ ಬಂದು 12-13%ನಲ್ಲಿ 577ಕ್ಕೆ ನಿಲ್ಲತ್ತೆ. 7% ಇರೋ ಕೋರ್ 577 ಮುಟ್ಟಿದಾಗ ಸುಮಾರು ಅರ್ಧ ನೀರಾಗತ್ತೆ, ಉಳಿದಿದ್ದು 615ರ ತನಕ ನಿಧಾನಕ್ಕೆ ಕರಗತ್ತೆ. ಹೊರಗೆ ಮ್ಯಾಂಗನೀಸ್ ಇರೋ 3103 ಶೀಟ್ ಇಟ್ರೆ ಅದಕ್ಕೆ 640 ಬೇಕು. ನಿಮ್ಗೆ ಸಿಗೋ ಕಿಟಕಿ ಇಷ್ಟೇ, 25 ಡಿಗ್ರಿ. ಕಾರಿನ ರೇಡಿಯೇಟರ್, ಏಸಿ ಕಾಯಿಲ್‌ಗಳನ್ನ ಬ್ರೇಜಿಂಗ್ (ಬೇಗ ಕರಗೋ ಲೋಹದ ಪದರದಿಂದ ಬೆಸೆಯೋದು) ಮಾಡೋದೂ ಇದೇ ಲೆಕ್ಕದ ಮೇಲೆ, ಒಳಗೆ 3103ರ ಥರದ್ದೇ 3003, ಹೊರಗೆ ಸಿಲಿಕಾನ್ ಪದರ, 600ರ ಸುತ್ತ ಹೊರಪದರ ಮಾತ್ರ ಕರಗತ್ತೆ. ಬ್ರೇಜಿಂಗ್ ಫರ್ನೇಸ್ ನಡೆಸಿ ಗೊತ್ತಿರೋರಿಗೆ ಫೋಮ್ ಸ್ಯಾಂಡ್‌ವಿಚ್ ಬೇಗ ಕೈಗೆ ಹತ್ತತ್ತೆ, ಅವರಿಗೆ ಐದು ಡಿಗ್ರಿಯ ಬೆಲೆ ಗೊತ್ತಿರತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಕರಗಿದ ಕೋರ್‌ನಿಂದ ಸಿಲಿಕಾನ್ ಶೀಟ್ ಒಳಗೂ ನುಗ್ಗತ್ತೆ, ನುಗ್ಗಿದ ಕಡೆ ಶೀಟ್‌ನ ಕರಗೋ ಬಿಂದು ಇಳಿಯತ್ತೆ. ಅಂದ್ರೆ ಕಿಟಕಿ ಮೊದಲೇ ಚಿಕ್ಕದು, ಟೈಮ್ ಹೋಗ್ತಾ ಹೋಗ್ತಾ ಅದು ಇನ್ನೂ ಮುಚ್ಕೊಳತ್ತೆ. ತೆಳು ಶೀಟ್ ಇಟ್ಕೊಂಡು ಫರ್ನೇಸಲ್ಲಿ ಆರಾಮಾಗಿ ಕಾಯೋ ಹಾಗಿಲ್ಲ.

ನಂಗೆ 6082 ಶೀಟೇ ಬೇಕು, ಸ್ಟ್ರೆಂತ್ ಜಾಸ್ತಿ. ಆಗಲ್ವಾ?

ಆಗತ್ತೆ, ಆದ್ರೆ ಕೋರ್ ಬದಲಾಯಿಸ್ಬೇಕು. ಮೆಗ್ನೀಸಿಯಂ, ಸಿಲಿಕಾನ್ ಇರೋ 6000 ಸರಣಿಯ ಈ 6082 ಕರಗೋಕೆ ಶುರುವಾಗೋದೇ 575ರ ಆಸುಪಾಸು, ಬರೀ ಸಿಲಿಕಾನ್ ಇರೋ ಕೋರ್ ಕರಗೋಕೂ ಅಷ್ಟೇ ಬೇಕು, ಕಿಟಕಿನೇ ಇಲ್ಲ. ಅದಕ್ಕೆ ಕೋರ್‌ಗೆ ಸಿಲಿಕಾನ್ ಜೊತೆ ಮೆಗ್ನೀಸಿಯಂ ಸೇರಿಸ್ತಾರೆ, 8% ಸಿಲಿಕಾನ್ 4% ಮೆಗ್ನೀಸಿಯಂ ಇರೋದು ಪ್ರಸಿದ್ಧ, ಅದು 555-560ಕ್ಕೇ ಕರಗೋಕೆ ಶುರು. ತಾಮ್ರ ಸೇರಿಸಿದ್ರೆ ಇನ್ನೂ ಕೆಳಗೆ, 6% ಸಿಲಿಕಾನ್ 10% ತಾಮ್ರದ ಕೋರ್ 525ರ ಹತ್ರಾನೇ ಶುರುವಾಗತ್ತೆ, ಆದ್ರೆ ತಾಮ್ರ ತೂಕ ಏರಿಸತ್ತೆ, ತುಕ್ಕಿನ ತಕರಾರು ತರತ್ತೆ, ಫೋಮ್ ಪೆಡಸಾಗತ್ತೆ. ಇಷ್ಟೆಲ್ಲ ಮಾಡಿದ್ರೂ 6082 ಜೊತೆ ಸ್ವಲ್ಪ ಶೀಟ್ ಕರಗೋದನ್ನ ಸಹಿಸ್ಕೊಂಡೇ ಕೆಲಸ ಮಾಡ್ಬೇಕು. 6060 ಇದ್ರೆ ನೋಡಿ, ಅದು 610ರ ತನಕ ತಡ್ಕೊಳತ್ತೆ, ಸ್ಟ್ರೆಂತ್ ಸ್ವಲ್ಪ ಕಮ್ಮಿ ಅಷ್ಟೆ.

ನಿಧಾನಕ್ಕೆ ಕಾಯಿಸಿದ್ರೆ ಸೇಫ್ ಅಲ್ವಾ? ಅಡುಗೆ ಮನೇಲಾಗ್ಲಿ ಫೌಂಡ್ರಿಲಾಗ್ಲಿ ಅವಸರ ಮಾಡಬಾರ್ದು ಅಂತಾರೆ

ಇಲ್ಲಿ ಉಲ್ಟಾ. ನಿಧಾನ ಅಂದ್ರೆ 400ರಿಂದ 577ರ ಮಧ್ಯದ ಅಪಾಯದ ದಾರೀಲಿ ಜಾಸ್ತಿ ಹೊತ್ತು ನಿಂತಿರೋದು. ಗ್ಯಾಸ್ ಗಟ್ಟಿ ಲೋಹದಲ್ಲೇ ಸೀಳು ಮಾಡಿ, ಅಂಚಿಗೆ ಹರಿದು, ಹೊರಟುಹೋಗತ್ತೆ. ಬೇಗ ಕಾಯಿಸಿದ್ರೆ ಬಹುಪಾಲು ಗ್ಯಾಸ್ ಲೋಹ ನೀರಾದ ಮೇಲೆ ಬರತ್ತೆ, ಉಬ್ಬೋದೂ ಜಾಸ್ತಿ, ಗುಳ್ಳೆನೂ ದುಂಡಗೆ. ಅದಕ್ಕೇ ಫರ್ನೇಸ್‌ನ 700-750ಕ್ಕೆ ಇಟ್ಟು ಪ್ಲೇಟ್‌ನ ಒಳಗೆ ತಳ್ಳಿ ಕೆಲವೇ ನಿಮಿಷದಲ್ಲಿ ಹೊರಗೆ ಎಳೀತಾರೆ, ಪ್ಲೇಟ್ ಅಷ್ಟು ಬಿಸಿ ಆಗೋಕೆ ಬಿಡಲ್ಲ. ಇನ್‌ಫ್ರಾರೆಡ್ ಲ್ಯಾಂಪ್ ಸಾಲು ಇದ್ರೆ ಇನ್ನೂ ಒಳ್ಳೇದು, ಸ್ವಿಚ್ ಆಫ್ ಮಾಡಿದ ತಕ್ಷಣ ಬಿಸಿ ನಿಲ್ಲತ್ತೆ.

ಹಾಗಂತ ಮಿತಿ ಇಲ್ಲದೆ ಬೇಗ ಕಾಯಿಸೋಕೂ ಆಗಲ್ಲ. ಬಿಸಿ ಹೋಗೋದು ಶೀಟ್ ಮೂಲಕ, ಅಂದ್ರೆ ಶೀಟ್ ಯಾವಾಗ್ಲೂ ಕೋರ್‌ಗಿಂತ ಸ್ವಲ್ಪ ಮುಂದೆ. ಕೋರ್‌ನ ನಡು 590ರಲ್ಲಿ ಇರುವಾಗ್ಲೇ ಶೀಟ್ 640 ಮುಟ್ಟಿದ್ರೆ ಆಟ ಮುಗೀತು.

ಫರ್ನೇಸ್ ಡಿಸ್‌ಪ್ಲೇ 700 ತೋರಿಸ್ತಿದೆ, ಪ್ಯಾನೆಲ್ ಒಳಗೆ ನಿಜವಾಗ್ಲೂ ಎಷ್ಟಿರತ್ತೆ?

ಡಿಸ್‌ಪ್ಲೇ ಹೇಳೋದು ಫರ್ನೇಸ್ ಗೋಡೆ ಹತ್ರದ ಕಥೆ. ಹೊಳೆಯೋ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ವಿಕಿರಣದಲ್ಲಿ ಹತ್ತನೇ ಒಂದು ಭಾಗ ಕೂಡ ಹೀರ್ಕೊಳಲ್ಲ, ಉಳಿದಿದ್ದನ್ನೆಲ್ಲ ವಾಪಸ್ ಎಸೆಯತ್ತೆ, ಹಾಗಾಗಿ ಹೊಸ ಹೊಳೆಯೋ ಶೀಟ್‌ಗೂ ಮಂಕಾದ ಶೀಟ್‌ಗೂ ಅದೇ ಫರ್ನೇಸ್‌ನಲ್ಲಿ ಬೇರೆ ಬೇರೆ ಟೈಮ್ ಹಿಡಿಯತ್ತೆ. ಕರಗೋಕೆ ಬೇಕಾದ ಬಿಸಿನೂ ಕಮ್ಮಿ ಅಲ್ಲ, ಅಲ್ಯೂಮಿನಿಯಂಗೆ ಕೆಜಿಗೆ ಹತ್ತಿರ ಹತ್ತಿರ 400 ಕಿಲೋಜೌಲ್, ಅದನ್ನ ಹೀರ್ಕೊಳ್ಳೋವಾಗ ಕೋರ್‌ನ ಟೆಂಪರೇಚರ್ 577ರಲ್ಲಿ ಸ್ವಲ್ಪ ಹೊತ್ತು ನಿಂತೇ ಬಿಡತ್ತೆ. ಶೀಟ್‌ಗೆ ಒಂದು, ಅಂಚಿಂದ ಸಣ್ಣ ತೂತು ಕೊರೆದು ಕೋರ್ ನಡುವಿಗೆ ಒಂದು, ಎರಡು ತೆಳು ಥರ್ಮೋಕಪಲ್ (ಟೆಂಪರೇಚರ್ ಅಳೆಯೋ ತಂತಿ) ಹಾಕಿ ಗ್ರಾಫ್ ತೆಗೀರಿ. ಆ ಗೆರೆ ಎಲ್ಲಿ ಮಟ್ಟಸವಾಗತ್ತೆ, ಎಲ್ಲಿ ಮತ್ತೆ ಏರತ್ತೆ ಅನ್ನೋದು ನೂರು ಪೇಪರ್ ಓದೋದಕ್ಕಿಂತ ಜಾಸ್ತಿ ಹೇಳತ್ತೆ. ಇನ್‌ಫ್ರಾರೆಡ್ ಗನ್ ಹಿಡಿದು ಅಲ್ಯೂಮಿನಿಯಂ ಮೇಲ್ಮೈ ಅಳೆಯೋರನ್ನ ನೋಡಿದ್ರೆ ಪಾಪ ಅನ್ಸತ್ತೆ, ಆ ಗನ್‌ಗೆ ಕಾಣೋದರಲ್ಲಿ ಅರ್ಧ ಪಕ್ಕದ ಗೋಡೆಯ ಪ್ರತಿಫಲನ.

ಕಟ್ ಮಾಡಿ ನೋಡಿದ್ರೆ ಟೆಂಪರೇಚರ್ ಹೆಚ್ಚಾಗಿತ್ತೋ ಕಮ್ಮಿ ಆಗಿತ್ತೋ ಹೇಳ್ಬೋದಾ?

ಬಹುಪಾಲು ಹೇಳ್ಬೋದು. ಗುಳ್ಳೆ ಚಪ್ಪಟೆ, ಶೀಟ್‌ಗೆ ಸಮಾನಾಂತರ ಸೀಳಿನ ಥರ ಇದ್ರೆ ಪೂರ್ತಿ ಕರಗೋ ಮೊದ್ಲೇ ತೆಗೆದಿದೀರಿ. ಗುಳ್ಳೆ ದುಂಡಗೆ, ಒಂದೇ ಅಳತೆ, ಗೋಡೆ ತೆಳು ಆದ್ರೆ ಹರಿದಿಲ್ಲ, ಇದು ಹದ. ಕೆಲವು ಗುಳ್ಳೆ ಹೆಬ್ಬೆರಳಿನ ಗಾತ್ರ ಆಗಿ, ಕೆಳಗಡೆ ಗಟ್ಟಿ ಲೋಹದ ದಪ್ಪ ಪಟ್ಟಿ ಕೂತಿದ್ರೆ ಜಾಸ್ತಿ ಬಿಸಿ ಇಲ್ಲಾ ಜಾಸ್ತಿ ಹೊತ್ತು. ಬಿಸಿ ಏರಿದ ಹಾಗೆ ಲೋಹ ತೆಳುವಾಗಿ ಗೋಡೆಗಳಿಂದ ಕೆಳಗೆ ಇಳಿಯತ್ತೆ, ತೆಳುವಾದ ಗೋಡೆ ಒಡೆದು ಎರಡು ಗುಳ್ಳೆ ಒಂದಾಗತ್ತೆ, ಅದು ಸರಣಿ. ಗೋಡೆಗಳನ್ನ ಅಲ್ಲೀವರೆಗೆ ಹಿಡಿದಿಟ್ಟಿರೋದು ಪುಡಿಯ ಜೊತೆ ಬಂದಿದ್ದ ಆಕ್ಸೈಡ್ ಚೂರುಗಳು, ಅದಕ್ಕೇ ತುಂಬಾ ಶುದ್ಧ ಪುಡಿ ತಂದ್ರೆ ಫೋಮ್ ಬೇಗ ಕುಸಿಯತ್ತೆ, ದುಡ್ಡು ಕೊಟ್ಟು ತೊಂದರೆ ತಗೊಂಡ ಹಾಗೆ. ಶೀಟ್ ಮತ್ತೆ ಕೋರ್ ಸೇರೋ ಗೆರೇಲಿ ಶೀಟ್ ತೆಳುವಾಗಿ, ಅಲ್ಲಲ್ಲಿ ಕಚ್ಚಿದ ಹಾಗೆ ಕಂಡ್ರೆ ಸಿಲಿಕಾನ್ ಒಳಗೆ ನುಗ್ಗಿದೆ ಅಂತ.

ಅಂಚೆಲ್ಲ ಚೆನ್ನಾಗಿ ಉಬ್ಬಿದೆ, ಮಧ್ಯ ಹಳ್ಳ. ದೊಡ್ಡ ಪ್ಯಾನೆಲ್ ಮಾಡೋದು ಹೇಗೆ?

ಅಂಚಿಗೆ ಮೇಲೆ, ಕೆಳಗೆ, ಪಕ್ಕ ಮೂರು ಕಡೆಯಿಂದ ಬಿಸಿ, ಮಧ್ಯಕ್ಕೆ ಎರಡೇ ಕಡೆಯಿಂದ. ಜೊತೆಗೆ ಎಲ್ಲಿ ಮೊದ್ಲು ಉಬ್ಬತ್ತೋ ಅಲ್ಲಿ ಫೋಮ್ ಆಗಿರೋದ್ರಿಂದ ಬಿಸಿ ಒಳಗೆ ಹೋಗೋದು ಕಷ್ಟ ಆಗತ್ತೆ. ಮಧ್ಯ ಉಬ್ಬೋವರೆಗೆ ಕಾದ್ರೆ ಅಂಚು ಕುಸಿಯತ್ತೆ. ಇನ್‌ಫ್ರಾರೆಡ್ ವ್ಯವಸ್ಥೇಲಿ ಲ್ಯಾಂಪ್‌ಗಳನ್ನ ವಲಯಗಳಾಗಿ ಮಾಡಿ ಅಂಚಿನದಕ್ಕೆ ಪವರ್ ಕಮ್ಮಿ ಕೊಡ್ಬೋದು. ಸಾದಾ ಫರ್ನೇಸ್ ಆದ್ರೆ ಅಂಚಿನ ಸುತ್ತ ದಪ್ಪ ಉಕ್ಕಿನ ಚೌಕಟ್ಟು ಇಟ್ರೆ ಅದು ಪಕ್ಕದಿಂದ ಬರೋ ಬಿಸಿನ ತಾನು ಕುಡಿದು ಅಂಚನ್ನ ನಿಧಾನ ಮಾಡತ್ತೆ, ಉಬ್ಬಿದ ಎತ್ತರನೂ ಹಿಡಿಯತ್ತೆ. ಕೆಳಗೆ ಚಪ್ಪಟೆ ಆಧಾರ ಮರೀಬೇಡಿ, 600ರ ಮೇಲೆ ಶೀಟ್ ಕರಗದೇ ಇದ್ರೂ ಅದಕ್ಕೆ ತನ್ನ ಭಾರ ತಾನು ಹೊರೋ ಶಕ್ತಿ ಇರಲ್ಲ.

ಉಬ್ಬಿದ ತಕ್ಷಣ ನೀರು ಹಾಕಿ ನಿಲ್ಲಿಸ್ಬೋದಾ?

ಬಕೆಟ್ ನೀರು ಬೇಡ, ಜೋರು ಗಾಳಿ ಇಲ್ಲಾ ತುಂತುರು ಮಂಜು ಸಾಕು. ಕತ್ತರಿಸಿದ ಅಂಚು ತೆರೆದಿದ್ರೆ ನೀರು ಗುಳ್ಳೆಗಳ ಒಳಗೆ ಹೋಗತ್ತೆ, ಕರಗಿದ ಅಲ್ಯೂಮಿನಿಯಂ ಒಳಗೆ ನೀರು ಸಿಕ್ಕಿಹಾಕ್ಕೊಂಡ್ರೆ ಸಿಡಿಯತ್ತೆ, ಇದನ್ನ ಹಗುರವಾಗಿ ತಗೋಬೇಡಿ. ಆದ್ರೆ ಬೇಗ ತಣಿಸ್ಬೇಕು ಅನ್ನೋದು ನಿಜ. ಫರ್ನೇಸ್ ಆಫ್ ಮಾಡಿ ಒಳಗೇ ಬಿಟ್ರೆ ಲೋಹ ಗಟ್ಟಿಯಾಗೋ ಮೊದ್ಲೇ ಗುಳ್ಳೆಗಳು ಒಂದಾಗ್ತಾ ಕುಸೀತಾ ಹೋಗತ್ತೆ.

ತಣಿಯುವಾಗ ಏನೇನಾಗತ್ತೆ ಅನ್ನೋದು ಎಕ್ಸ್-ರೇ ಹಾಕಿ ಲೈವ್ ನೋಡೋವರೆಗೆ ಸರಿಯಾಗಿ ಗೊತ್ತಿರ್ಲಿಲ್ಲ. ಗ್ಯಾಸ್ ಕುಗ್ಗತ್ತೆ, ಅಲ್ಯೂಮಿನಿಯಂ ಗಟ್ಟಿಯಾಗುವಾಗ ತಾನೂ 6-7% ಕುಗ್ಗತ್ತೆ, ಹಾಗಾಗಿ ಪ್ಯಾನೆಲ್ ಬರೀ ಇಳೀಬೇಕು. ಆದ್ರೆ ಕೆಲವು ಸಲ ಗಟ್ಟಿಯಾಗೋ ಹೊತ್ತಿಗೆ ಫೋಮ್ ಮತ್ತೆ ಸ್ವಲ್ಪ ಉಬ್ಬೋದನ್ನ ಬರ್ಲಿನ್‌ನ ತಂಡ ನೋಡಿದೆ. ಕಾರಣ, ಕರಗಿದ ಅಲ್ಯೂಮಿನಿಯಂ ಗಟ್ಟಿ ಅಲ್ಯೂಮಿನಿಯಂಗಿಂತ ಸುಮಾರು 20 ಪಟ್ಟು ಹೈಡ್ರೋಜನ್ ಕರಗಿಸಿ ಇಟ್ಕೊಂಡಿರತ್ತೆ, ಗಟ್ಟಿಯಾಗುವಾಗ ಅದನ್ನ ಹೊರಗೆ ತಳ್ಳತ್ತೆ, ಜೊತೆಗೆ ಹೈಡ್ರೈಡ್ ಇನ್ನೂ ಗ್ಯಾಸ್ ಬಿಡ್ತಾನೇ ಇರತ್ತೆ. ನಿಧಾನ ತಣಿಸಿದಷ್ಟೂ ಇದು ಜಾಸ್ತಿ.

## ಸ್ವಲ್ಪ ಆಳಕ್ಕೆ ಇಳಿದ್ರೆ

ಸ್ಟೀಲ್ ಶೀಟ್ ಹಾಕ್ಬಿಟ್ರೆ ಕಿಟಕಿ ಗಿಟಕಿ ಅನ್ನೋ ರಗಳೆನೇ ಇಲ್ವಲ್ಲಣ್ಣ?

ಕರಗೋ ರಗಳೆ ಇಲ್ಲ, ಬೇರೆ ಎರಡು ಬರತ್ತೆ. ಒಂದು, ಕರಗಿದ ಅಲ್ಯೂಮಿನಿಯಂ ಕಬ್ಬಿಣದ ಜೊತೆ ಸೇರಿ ಗಾಜಿನಷ್ಟು ಪೆಡಸಾದ ಸಂಯುಕ್ತದ ಪದರ ಕಟ್ಟತ್ತೆ. ತೆಳುವಾಗಿದ್ರೆ ಅದೇ ಬೆಸುಗೆ, ದಪ್ಪ ಆದ್ರೆ ಅಲ್ಲಿಂದಾನೇ ಬಿರುಕು. ದಪ್ಪ ಬೆಳೆಯೋದು ಟೆಂಪರೇಚರ್ ಮತ್ತೆ ಟೈಮ್ ಎರಡರ ಮೇಲೂ, ಕೋರ್‌ನಲ್ಲಿ ಸಿಲಿಕಾನ್ ಇದ್ರೆ ಬೆಳವಣಿಗೆ ನಿಧಾನ, ಹಾಗಾಗಿ ಸ್ಟೀಲ್ ಶೀಟ್ ಇದ್ರೂ 750ರಲ್ಲಿ ಆರಾಮಾಗಿ ಕೂರಿಸೋ ಹಾಗಿಲ್ಲ. ಎರಡು, ತಣಿಯುವಾಗ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕುಗ್ಗತ್ತೆ. 577ರಿಂದ ಕೋಣೆಯ ಬಿಸಿಗೆ ಬರೋವಷ್ಟ್ರಲ್ಲಿ ಒಂದು ಮೀಟರ್ ಉದ್ದಕ್ಕೆ ಅಲ್ಯೂಮಿನಿಯಂ 12-13 ಮಿಲಿಮೀಟರ್, ಸ್ಟೀಲ್ ಆರೂವರೆ. ಆ ಆರು ಮಿಲಿಮೀಟರ್ ವ್ಯತ್ಯಾಸನ ಫೋಮ್ ಗೋಡೆಗಳು ಮತ್ತೆ ಆ ಪೆಡಸು ಪದರ ನುಂಗ್ಬೇಕು. ಆದ್ರೂ ಜರ್ಮನಿಯ ಕೆಮ್ನಿಟ್ಸ್‌ನ ಫ್ರೌನ್‌ಹೋಫರ್‌ನವರು ಮೆಷೀನ್ ಟೂಲ್ ಫ್ರೇಮ್‌ಗಳಿಗೆ ಸ್ಟೀಲ್-ಅಲ್ಯೂಮಿನಿಯಂ ಫೋಮ್ ಸ್ಯಾಂಡ್‌ವಿಚ್ ಬಳಸಿ ತೋರಿಸಿದಾರೆ, ಕಂಪನ ತಡೆಯೋದ್ರಲ್ಲಿ ಅದು ಗಟ್ಟಿಗ.

ಹೈಡ್ರೈಡ್ ದುಬಾರಿ. ಕ್ಯಾಲ್ಸಿಯಂ ಕಾರ್ಬೋನೇಟ್ ಹಾಕ್ಬೋದು ಅಂತಾರಲ್ಲ?

ಹಾಕ್ಬೋದು, ಅಗ್ಗ, ಗ್ಯಾಸೂ ತಡವಾಗಿ ಬರತ್ತೆ, ಗುಳ್ಳೆ ಸಣ್ಣಗೆ ಒಂದೇ ಸಮ ಇರತ್ತೆ, ಬರೋ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಗೋಡೆಗೆ ಆಕ್ಸೈಡ್ ಪೊರೆ ಕೊಟ್ಟು ಗಟ್ಟಿ ಕೂಡ ಮಾಡತ್ತೆ. ಆದ್ರೆ ಅದು ಚುರುಕಾಗೋದು 700ರ ಸುತ್ತಮುತ್ತ, ಅಷ್ಟೊತ್ತಿಗೆ ನಿಮ್ಮ ಅಲ್ಯೂಮಿನಿಯಂ ಶೀಟ್ ಇರಲ್ಲ. ಶೀಟ್ ಇಲ್ಲದ ಫೋಮ್‌ಗೆ, ಸ್ಟೀಲ್ ಶೀಟ್‌ಗೆ ಸರಿ.

ಪುಡಿ ಮಿಶ್ರಣ ಮಾಡ್ಕೊಂಡ್ರೂ ಮೊದ್ಲೇ ಮಿಶ್ರಲೋಹ ಆಗಿರೋ ಪುಡಿ ತಗೊಂಡ್ರೂ ಟೆಂಪರೇಚರ್ ಒಂದೇನಾ?

ಕೊನೇಲಿ ಒಂದೇ, ದಾರೀಲಿ ಬೇರೆ. ಅಲ್ಯೂಮಿನಿಯಂ ಪುಡಿ, ಸಿಲಿಕಾನ್ ಪುಡಿ ಬೇರೆ ಬೇರೆ ತಂದು ಬೆರೆಸಿದ್ರೆ 577ರಲ್ಲಿ ಕರಗೋದು ಎರಡೂ ತಾಕೋ ಜಾಗದಲ್ಲಿ ಮಾತ್ರ, ಸಿಲಿಕಾನ್ ಕಣ ದಪ್ಪ ಇದ್ರೆ, ಕಾಯಿಸೋದೂ ಬೇಗ ಆದ್ರೆ, ಸಿಲಿಕಾನ್ ಹರಡೋಕೆ ಟೈಮ್ ಸಿಗಲ್ಲ, ಕೆಲವು ಕಡೆ ಶುದ್ಧ ಅಲ್ಯೂಮಿನಿಯಂ ಹಾಗೇ ಉಳಿದು 615 ದಾಟಿದ್ರೂ ಕರಗದೆ ಕೂತಿರತ್ತೆ. ಮಿಶ್ರಲೋಹದ ಪುಡೀಲಿ ಆ ತೊಂದರೆ ಇಲ್ಲ, ಆದ್ರೆ ಕಣ ಗಟ್ಟಿ ಇರೋದ್ರಿಂದ ಒತ್ತೋದು ಕಷ್ಟ. ನುಣ್ಣಗಿನ ಸಿಲಿಕಾನ್ ಪುಡಿ ಬೆರೆಸೋದು ನಂಗೆ ಇಷ್ಟ.

ಕರಗಿದ ಲೋಹಕ್ಕೆ ನೇರವಾಗಿ ಹೈಡ್ರೈಡ್ ಹಾಕಿ ಮಾಡೋ ಜಪಾನಿ ವಿಧಾನದಲ್ಲಿ ಟೆಂಪರೇಚರ್ ಹೇಗೆ?

ಶಿಂಕೋ ವೈರ್ ಕಂಪನಿಯ ಅಲ್ಪೊರಾಸ್ ಕೇಳ್ತಿದೀರಿ. ಅಲ್ಲಿ 680 ಡಿಗ್ರಿ ಕರಗಿದ ಅಲ್ಯೂಮಿನಿಯಂಗೆ ಮೊದ್ಲು 1.5% ಕ್ಯಾಲ್ಸಿಯಂ ಹಾಕಿ ಕಲಸಿ ಮಂದ ಮಾಡ್ತಾರೆ, ಆಮೇಲೆ 1.6% ಹೈಡ್ರೈಡ್. ಲೋಹ ಮೊದ್ಲೇ ನೀರಾಗಿರೋದ್ರಿಂದ ಸೀಳಿನ ಭಯ ಇಲ್ಲ, ಬದಲಿಗೆ ಹೈಡ್ರೈಡ್ ಸಮನಾಗಿ ಹರಡೋ ಮೊದ್ಲೇ ಗ್ಯಾಸ್ ಬಿಟ್ಬಿಡೋ ಭಯ. ಬರೋದು ದೊಡ್ಡ ದಿಮ್ಮಿ, ಅದನ್ನ ಹೋಳು ಮಾಡಿ ಶೀಟ್ ಅಂಟಿಸ್ಬೇಕು, ಅಂಟಿನ ಮಿತಿ ವಾಪಸ್ ಬಂತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಫೋಮ್‌ನ ಬಲ ಎಷ್ಟು ಏರುಪೇರಾಗತ್ತೆ ಅಂತ ಪರೀಕ್ಷೆ ಮಾಡಿದ್ದೂ ಈ ಅಲ್ಪೊರಾಸ್ ಮೇಲೇ.

ಫೋಮ್ ಆದ ಮೇಲೆ ಟಿ6 ಹೀಟ್ ಟ್ರೀಟ್‌ಮೆಂಟ್ ಕೊಟ್ಟು ಶೀಟ್ ಸ್ಟ್ರೆಂತ್ ವಾಪಸ್ ತರ್ಬೋದಾ?

ಡಿಸೈನ್ ಮಾಡೋರು ಮೊದ್ಲು ಒಂದು ತಿಳ್ಕೋಬೇಕು, ಫೋಮ್ ಮಾಡೋದು ಅಂದ್ರೇನೇ ಶೀಟ್‌ನ 600ರ ಮೇಲೆ ಕಾಯಿಸೋದು, ರೋಲಿಂಗ್‌ನಿಂದ ಬಂದಿದ್ದ ಗಡಸುತನ ಎಲ್ಲ ಹೋಗಿರತ್ತೆ. 3103ಕ್ಕೆ ಅದು ಮತ್ತೆ ಬರಲ್ಲ, ಮೆತ್ತನೆ ಸ್ಥಿತಿಯ ಬಲಾನೇ ಲೆಕ್ಕಕ್ಕೆ ತಗೊಳಿ, ಡೇಟಾಶೀಟ್‌ನಲ್ಲಿರೋ ರೋಲ್ ಮಾಡಿದ ಶೀಟ್‌ನ ನಂಬರ್ ಹಾಕಿ ಡ್ರಾಯಿಂಗ್ ಕಳಿಸೋರು ತುಂಬಾ ಜನ. 6000 ಸರಣಿಗೆ ಪೂರ್ತಿ ಟಿ6 ಅಂದ್ರೆ 530-540ಕ್ಕೆ ಕಾಯಿಸಿ ನೀರಲ್ಲಿ ಮುಳುಗಿಸಿ, ಆಮೇಲೆ 160ರಿಂದ 180ರಲ್ಲಿ ಕೆಲವು ಗಂಟೆ ಇಟ್ಟು ಗಡಸು ಮಾಡೋದು. ತೊಂದರೆ ಇರೋದು ಮುಳುಗಿಸೋದ್ರಲ್ಲಿ. ಶೀಟ್ ಕ್ಷಣದಲ್ಲಿ ತಣ್ಣಗಾಗತ್ತೆ, ಫೋಮ್ ಒಳಗೆ ಬಿಸಿ ಹಾಗೇ ಇರತ್ತೆ, ಪ್ಯಾನೆಲ್ ಸೊಟ್ಟಗಾಗತ್ತೆ, ಗುಳ್ಳೆ ಗೋಡೆ ಬಿರುಕು ಬಿಡತ್ತೆ. ಕೋರ್‌ನಲ್ಲಿ ತಾಮ್ರ ಜಾಸ್ತಿ ಇದ್ರೆ 530ರಲ್ಲಿ ಅದೇ ಕರಗೋಕೆ ಶುರು.

ಇದಕ್ಕಿಂತ ಜಾಣತನದ ದಾರಿ ಅಂದ್ರೆ ಫೋಮಿಂಗ್‌ನ ಬಿಸಿಯನ್ನೇ ಬಳಸ್ಕೊಳೋದು. 600ರಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಹೇಗಿದ್ರೂ ಶೀಟ್ ಒಳಗೆ ಕರಗಿರತ್ತೆ, ಅಲ್ಲಿಂದ ಜೋರು ಗಾಳೀಲಿ ತಣಿಸಿ, 160ರಿಂದ 180ರಲ್ಲಿ ಕೆಲವು ಗಂಟೆ ಇಟ್ರೆ ಪೂರ್ತಿ ಅಲ್ದಿದ್ರೂ ಒಳ್ಳೇ ಪಾಲು ಬಲ ಬರತ್ತೆ. ಸತು ಮತ್ತೆ ಮೆಗ್ನೀಸಿಯಂ ಇರೋ 7020 ಶೀಟ್ ಗಾಳೀಲಿ ತಣಿಸಿದ್ರೂ ಗಡಸಾಗೋ ಜಾತಿ, ಅದಕ್ಕೆ ಈ ದಾರಿ ಇನ್ನೂ ಚೆನ್ನಾಗಿ ಒಗ್ಗತ್ತೆ.

ಕಾಲೇಜ್ ಪ್ರಾಜೆಕ್ಟ್‌ಗೆ ಮಾಡ್ಬೋದಾ ಸಾರ್? ಮಫಲ್ ಫರ್ನೇಸ್ ಇದೆ, ಪ್ರೆಸ್ ಇದೆ

ಮಾಡ್ಬೋದು, ಆದ್ರೆ ಗೈಡ್ ಇಲ್ದೆ ಬೇಡ. ನುಣ್ಣನೆ ಅಲ್ಯೂಮಿನಿಯಂ ಪುಡಿ ಗಾಳೀಲಿ ಎದ್ರೆ ಸಿಡಿಯತ್ತೆ, ಟೈಟೇನಿಯಂ ಹೈಡ್ರೈಡ್ ಪುಡಿಗೆ ಬೆಂಕಿ ಹತ್ತಿದ್ರೆ ನೀರು ಹಾಕ್ಬಾರ್ದು, ಒಣ ಮರಳು ಪಕ್ಕದಲ್ಲಿಡಿ. ಫರ್ನೇಸ್ ಮೇಲೆ ಹೊಗೆ ಹೋಗೋ ವ್ಯವಸ್ಥೆ ಇರ್ಲಿ, ಬರೋದು ಹೈಡ್ರೋಜನ್. ಭೋಪಾಲ್‌ನ ಸಿಎಸ್‌ಐಆರ್ ಲ್ಯಾಬ್ ಆಂಪ್ರಿ, ಐಐಟಿ ಮದ್ರಾಸ್ ಎರಡೂ ಕಡೆ ಲೋಹದ ಫೋಮ್ ಮೇಲೆ ಕೆಲಸ ನಡೆದಿದೆ, ಅವರ ಪೇಪರ್ ಓದಿ ಶುರು ಮಾಡಿ. ಮೊದಲ ದಿನವೇ ಸ್ಯಾಂಡ್‌ವಿಚ್‌ಗೆ ಹೋಗ್ಬೇಡಿ, ಶೀಟ್ ಇಲ್ಲದ ಸಣ್ಣ ಬಿಲ್ಲೆಗಳನ್ನ ಒಂದೇ ಟೆಂಪರೇಚರ್‌ನಲ್ಲಿ ಬೇರೆ ಬೇರೆ ಹೊತ್ತು ಇಟ್ಟು ತೆಗೆದು, ಉದ್ದಕ್ಕೆ ಕೊಯ್ದು ಸಾಲಾಗಿ ಜೋಡಿಸಿ ಫೋಟೋ ತೆಗೀರಿ. ಆ ಸಾಲಲ್ಲಿ ಸೀಳು ಎಲ್ಲಿ ಮುಗಿದು ಗುಳ್ಳೆ ಎಲ್ಲಿ ಶುರುವಾಗತ್ತೆ, ಕುಸಿತ ಎಲ್ಲಿ ಬರತ್ತೆ ಅಂತ ಸಿಕ್ಕಿದ ಮೇಲೆ ಶೀಟ್ ತನ್ನಿ, ಮೊದಲು 3103, 6082 ಆಮೇಲೆ ನೋಡೋಣ.